ಲಸಿಕೆ ಪುಕ್ಕಟೆ, ರಿಕ್ಷಾ ಪುಕ್ಕಟೆಯಲ್ಲ



ಈ ಸಲದ ಮನವಿಯನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡುತ್ತೇನೆ. ಹಿಂದಿನ ವರ್ಷ ನಮ್ಮ ವೈದ್ಯಕೀಯ ನೆರವು ನಿಧಿಯಿಂದ ಒಂದು ಕೂಸಿನ ಲಸಿಕೆಗೆಂದು ಏಳು ಸಾವಿರ ಚಿಲ್ಲರೆ ರೂಪಾಯಿ ಕೊಟ್ಟೆವು. ತಂದೆ ತಾಯಿ ಕಟ್ಟಡ ಕೆಲಸದವರು, ಖಾಸಗಿ ಚಿಕಿತ್ಸಾಲಯದ ಬಿಲ್ಲು ತಂದಿದ್ದರು, ಸಹಿ ಹಾಕಿದವನು ನಾನೇ. ಲೆಕ್ಕಪತ್ರ ನೋಡುವ ದಿನ ಹಿರಿಯ ಸದಸ್ಯರೊಬ್ಬರು ಆ ಬಿಲ್ಲನ್ನು ತೆಗೆದು, "ಇದರಲ್ಲಿ ಪಾಲಿಕೆಯ ದವಾಖಾನೆಯಲ್ಲಿ ಪುಕ್ಕಟೆ ಸಿಗದ ಲಸಿಕೆ ಯಾವುದಾದರೂ ಇದೆಯೇ?" ಎಂದು ಕೇಳಿದರು. ಒಂದೂ ಇರಲಿಲ್ಲ. ಚಿಕಿತ್ಸಾಲಯದವರದು ಏನೂ ತಪ್ಪಿಲ್ಲ, ಬಂದವರಿಗೆ ಹಾಕಿದರು, ಬಿಲ್ಲು ಕೊಟ್ಟರು. ಮೂವತ್ತು ವರ್ಷ ಔಷಧ ಅಂಗಡಿ ನಡೆಸಿದ ನನಗೆ ಇದು ಗೊತ್ತಿರಬೇಕಿತ್ತು. ನಿಮ್ಮ ಹಣವನ್ನು ಪುಕ್ಕಟೆ ಸಿಗುವ ವಸ್ತುವಿಗೆ ಖರ್ಚು ಮಾಡಿದೆವು. ಆಮೇಲೆ ಸಮಿತಿಯವರು ಕೂತು ಯಾವ ಲಸಿಕೆ ಯಾವ ವಯಸ್ಸಿಗೆ ಪುಕ್ಕಟೆ, ಯಾವುದಕ್ಕೆ ನಿಜವಾಗಿ ಹಣ ಬೇಕು ಎಂದು ತಿಳಿದುಕೊಂಡೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ದೇಶದಲ್ಲಿ ಲಸಿಕೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1978ರಲ್ಲಿ. 1985ರಲ್ಲಿ ಅದು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಯಿತು. ಸಾರ್ವತ್ರಿಕ ಎಂಬ ಮಾತನ್ನು ಗಮನಿಸಿ. ಇದಕ್ಕೆ ಬಿಪಿಎಲ್ ಕಾರ್ಡು ಬೇಡ, ಆದಾಯ ಪ್ರಮಾಣಪತ್ರ ಬೇಡ. ಆಧಾರ್ ಕರ್ನಾಟಕದ್ದೋ ಮಹಾರಾಷ್ಟ್ರದ್ದೋ ಎಂಬ ಕಾರಣಕ್ಕೆ ಮಗುವನ್ನು ವಾಪಸು ಕಳಿಸುವಂತಿಲ್ಲ. ಹನ್ನೊಂದನೇ ಮಹಡಿಯ ಫ್ಲ್ಯಾಟಿನ ಮಗುವಿಗೂ ಪತ್ರಾ ಶೆಡ್ಡಿನ ಮಗುವಿಗೂ ಒಂದೇ ಸೀಸೆಯ ಲಸಿಕೆ. ನಮ್ಮಲ್ಲಿ ಎಷ್ಟೋ ಜನ "ಪುಕ್ಕಟೆಯದ್ದು ಸ್ವಲ್ಪ ಕಡಿಮೆ ದರ್ಜೆಯದ್ದಿರಬೇಕು" ಎಂದುಕೊಂಡಿದ್ದಾರೆ. ಮುಂಢ್ವಾ ದಾಟಿದರೆ ಸಿಗುವ ಹಡಪಸರದಲ್ಲಿ 1966ರಲ್ಲಿ ಶುರುವಾದ ಸೀರಂ ಇನ್‌ಸ್ಟಿಟ್ಯೂಟ್ ಇದೆ. ಡೋಸುಗಳ ಲೆಕ್ಕದಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಲಸಿಕೆ ತಯಾರಿಸುವ ಸಂಸ್ಥೆ ಅದು. ಸರಕಾರಕ್ಕೂ ಅಲ್ಲಿಂದ ಲಸಿಕೆ ಹೋಗುತ್ತದೆ, ಖಾಸಗಿ ಅಂಗಡಿಗೂ ಹೋಗುತ್ತದೆ. ಒಂದು ವ್ಯತ್ಯಾಸ ಇರುವುದು ನಿಜ: ಸರಕಾರಿ ಪೆಂಟಾವೇಲೆಂಟ್ ಲಸಿಕೆಯಲ್ಲಿ ನಾಯಿಕೆಮ್ಮಿನ ಪೂರ್ಣಕೋಶದ ಅಂಶ ಇರುವುದರಿಂದ ಒಂದೆರಡು ದಿನ ಜ್ವರ, ತೊಡೆಯಲ್ಲಿ ಬಾವು ಹೆಚ್ಚು. ಖಾಸಗಿಯವರು "ನೋವಿಲ್ಲದ್ದು" ಎಂದು ಮಾರುವುದರಲ್ಲಿ ಜ್ವರ ಕಡಿಮೆ. ರಕ್ಷಣೆಯಲ್ಲಿ ಸರಕಾರಿಯದ್ದೇನೂ ಹಿಂದೆ ಬಿದ್ದಿಲ್ಲ.

ಹುಟ್ಟಿದ ಕೂಡಲೇ ಕ್ಷಯಕ್ಕೆ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ. ಆಮೇಲೆ 6, 10, 14 ವಾರಕ್ಕೆ ಪೆಂಟಾವೇಲೆಂಟ್, ಪೋಲಿಯೊ, ಭೇದಿ ತರುವ ರೋಟಾ ವೈರಸ್ಸಿನ ಹನಿ. ನ್ಯುಮೋನಿಯಾದ ಪಿಸಿವಿ 6 ಮತ್ತು 14 ವಾರಕ್ಕೆ, ಬೂಸ್ಟರ್ 9 ತಿಂಗಳಿಗೆ. ಖಾಸಗಿಯಲ್ಲಿ ಜೇಬಿಗೆ ಭಾರವಾಗುವುದು ಈ ಪಿಸಿವಿಯೇ. 2021ರಿಂದ ಅದು ದೇಶದ ಎಲ್ಲೆಡೆ ಪುಕ್ಕಟೆ ಎಂಬುದು ನಮ್ಮ ಸದಸ್ಯರಲ್ಲೇ ಅನೇಕರಿಗೆ ತಿಳಿದಿಲ್ಲ. 9 ತಿಂಗಳು ತುಂಬಿದ ಮೇಲೆ ದಡಾರ–ರುಬೆಲ್ಲಾ, ಅದರ ಎರಡನೆಯದು ಮತ್ತು ಡಿಪಿಟಿ ಬೂಸ್ಟರ್ 16ರಿಂದ 24 ತಿಂಗಳೊಳಗೆ. ದಡಾರಕ್ಕೆ ಒಂಬತ್ತು ತಿಂಗಳು ಕಾಯುವುದು ಏಕೆ ಎಂದು ತಾಯಂದಿರು ಕೇಳುತ್ತಾರೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಬಂದ ರೋಗನಿರೋಧಕ ಅಂಶ ಕೂಸಿನ ಮೈಯಲ್ಲಿ ಕೆಲವು ತಿಂಗಳು ಉಳಿದಿರುತ್ತದೆ. ಅದು ಇರುವಾಗ ಹಾಕಿದರೆ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಅದು ಕರಗಿದ ಮೇಲೆ ತಡ ಮಾಡಿದರೆ ಮಗುವಿಗೆ ಯಾವ ರಕ್ಷಣೆಯೂ ಇಲ್ಲ. ದಡಾರ ಬಂದ ಒಬ್ಬರಿಂದ, ರಕ್ಷಣೆ ಇಲ್ಲದ ಜನರ ನಡುವೆ, 12ರಿಂದ 18 ಮಂದಿಗೆ ಹರಡಬಲ್ಲದು. 2022ರ ಕೊನೆಯಲ್ಲಿ ಮುಂಬೈಯ ಗೋವಂಡಿ ಕಡೆ ಮಕ್ಕಳು ಸತ್ತದ್ದು ಇದರಿಂದಲೇ. ಹತ್ತು ಅಡಿಯ ಕೋಣೆಗಳು ಸಾಲಾಗಿರುವ ಲೇಬರ್ ಕ್ಯಾಂಪಿನಲ್ಲಿ ಏನಾಗಬಹುದು ಎಂದು ಹೆಚ್ಚು ಹೇಳಬೇಕಾಗಿಲ್ಲ.

ಈ ವರ್ಷ ಲೋಹಗಾಂವ್ ರಸ್ತೆಯ ಕಡೆಯ ಒಂದು ಕ್ಯಾಂಪಿಗೆ ಹೋಗಿದ್ದೆವು. ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯ ಕುಟುಂಬಗಳು. ಶಹಾಪುರ ತಾಲ್ಲೂಕಿನ ಒಬ್ಬ ತಾಯಿ, ಕೈಯಲ್ಲಿ ಹನ್ನೊಂದು ತಿಂಗಳ ಹೆಣ್ಣುಕೂಸು. ಊರಲ್ಲಿ ಎರಡು ಸಲ ಸೂಜಿ ಹಾಕಿಸಿ ಇಲ್ಲಿಗೆ ಬಂದವರು ಆಮೇಲೆ ಹಾಕಿಸಿಯೇ ಇಲ್ಲ.

"ಕಾಕಾ, ತಾಯಿ ಕಾರ್ಡ್ ಊರಾಗ ಉಳದೈತ್ರಿ. ಈಗ ಮತ್ತ ಮೊದಲಿಂದ ಹಾಕ್ಸಬೇಕಂತ ಹೇಳ್ತಾರ. ಅಷ್ಟು ಸಲ ಕೆಲ್ಸ ಬಿಟ್ಟು ಹ್ಯಾಂಗ್ ಹೋಗ್ಲಿ?"

ಮೊದಲಿಂದ ಹಾಕಿಸಬೇಕಾಗಿಲ್ಲ. ಇದನ್ನು ಎಲ್ಲರೂ ತಿಳಿದುಕೊಂಡಿರಬೇಕು. ನಿಂತಲ್ಲಿಂದ ಮುಂದುವರಿಸಿದರೆ ಸಾಕು, ನಡುವೆ ಎಷ್ಟು ತಿಂಗಳು ಹೋಗಿದ್ದರೂ ಹಿಂದಿನ ಡೋಸು ಲೆಕ್ಕಕ್ಕೆ ಇದ್ದೇ ಇರುತ್ತದೆ. ಒಂದೇ ಭೇಟಿಯಲ್ಲಿ ಎರಡು ಮೂರು ಲಸಿಕೆ ಬೇರೆ ಬೇರೆ ಜಾಗಕ್ಕೆ ಹಾಕಬಹುದು. ಆದರೆ ಕೆಲವಕ್ಕೆ ಗಡುವಿದೆ: ಬಿಸಿಜಿಯನ್ನು ಒಂದು ವರ್ಷದೊಳಗೆ, ಪೆಂಟಾ, ಪಿಸಿವಿ, ರೋಟಾ ಇವುಗಳ ಮೊದಲ ಡೋಸನ್ನೂ ವರ್ಷದೊಳಗೇ ಹಾಕಿಸಬೇಕು. ದಡಾರದ ಲಸಿಕೆಗೆ ಐದು ವರ್ಷದವರೆಗೆ ಅವಕಾಶವಿದೆ. ಆಕೆಯ ಗಂಡನ ತಂಗಿ ಊರಿನಿಂದ ಕಾರ್ಡಿನ ಫೋಟೊ ವಾಟ್ಸಾಪಿನಲ್ಲಿ ಕಳಿಸಿದಳು. ಅಷ್ಟೇ ಸಾಕಾಯಿತು. ಈಗ ಯು-ವಿನ್ ಎಂಬ ವ್ಯವಸ್ಥೆ ಬಂದಿದೆ. ಅದರಲ್ಲಿ ಮೊಬೈಲ್ ನಂಬರಿನ ಮೇಲೆ ಮಗುವಿನ ಹೆಸರು ದಾಖಲಾಗಿದ್ದರೆ ಯಾದಗಿರಿಯಲ್ಲಿ ಹಾಕಿದ್ದು ಪುಣೆಯಲ್ಲಿ ಕಾಣುತ್ತದೆ. ತೊಂದರೆ ಏನೆಂದರೆ ಈ ಜನ ಸಿಮ್ ಬದಲಿಸುತ್ತಲೇ ಇರುತ್ತಾರೆ.

ದವಾಖಾನೆಗೆ ಹೋದ ಮೊದಲ ದಿನ ನರ್ಸಬಾಯಿ "ಬುಧವಾರ ಬನ್ನಿ" ಎಂದರು. ತಾಯಿಗೆ ಅದು "ಇಲ್ಲ" ಎಂದೇ ಕೇಳಿಸಿತು, ಸಿಟ್ಟಿನಿಂದ ಹೊರಟೇಬಿಟ್ಟಳು. ಕಾರಣ ಇದೆ. ಬಿಸಿಜಿ, ದಡಾರದ ಲಸಿಕೆಗಳು ಪುಡಿಯಾಗಿ ಬರುತ್ತವೆ, ಒಂದು ಸೀಸೆಯಲ್ಲಿ ಅನೇಕ ಮಕ್ಕಳಿಗೆ ಆಗುವಷ್ಟು. ದ್ರವ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಆದ್ದರಿಂದ ಮಕ್ಕಳನ್ನು ಒಂದೇ ದಿನಕ್ಕೆ ಕೂಡಿಸುತ್ತಾರೆ. (ಅಂಗಡಿಯಲ್ಲಿದ್ದಾಗ ಎರಡರಿಂದ ಎಂಟು ಡಿಗ್ರಿ ಕಾಯುವುದು ನನಗೆ ದೊಡ್ಡ ಚಿಂತೆ, ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆರೆಯಲು ಯಾರನ್ನೂ ಬಿಡುತ್ತಿರಲಿಲ್ಲ. ಸರಕಾರಿ ಸೀಸೆಯ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಬಿಸಿ ತಾಗಿದಂತೆ ಚೌಕ ಕಪ್ಪಾಗುತ್ತದೆ. ವೃತ್ತದಷ್ಟೇ ಕಪ್ಪಾದರೆ ಆ ಸೀಸೆಯನ್ನು ಬಳಸುವಂತಿಲ್ಲ. ಯಾರು ಬೇಕಾದರೂ ಕೇಳಿ ನೋಡಬಹುದು.)

ಬುಧವಾರ ಮತ್ತೆ ಹೋದೆವು. ನರ್ಸಬಾಯಿ ಲಸಿಕೆ ಹಾಕಿ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದರು: ಯಾವ ಲಸಿಕೆ, ಯಾವ ರೋಗಕ್ಕೆ, ಏನಾಗಬಹುದು, ಮತ್ತೆ ಯಾವಾಗ ಬರಬೇಕು, ಕಾರ್ಡ್ ಜೋಪಾನ. ಒಳ್ಳೆಯ ಹೆಣ್ಣುಮಗಳು, ಸಾವಧಾನವಾಗಿಯೇ ಹೇಳಿದರು. ಆದರೆ "ಘಟಸರ್ಪ, ಡಾಂಗ್ಯಾ ಖೋಕಲಾ" ಎಂದರೆ ಈ ತಾಯಿಗೆ ಏನು ತಿಳಿದೀತು? ಗಂಟಲುಮಾರಿ, ನಾಯಿಕೆಮ್ಮು ಎಂದು ನಾನು ಹೇಳಿದೆ. "ಗೋವರ್" ಎಂದರೆ ನಮ್ಮ ಕಡೆಯ ಗೊಬ್ಬರ ಎಂದ ಕೂಡಲೇ, "ಅಯ್ಯ, ನಮ್ಮ ಅಕ್ಕನ ಮಗ ಗೊಬ್ಬರದಾಗs ಹೋದ್ನಲ್ರಿ" ಎಂದಳು. ರಾತ್ರಿ ಜ್ವರ ಬಂದರೆ ಹೆದರಬೇಡ ಎಂಬ ಒಂದು ಮಾತು ಅವಳ ಭಾಷೆಯಲ್ಲಿ ಸಿಗದಿದ್ದರೆ ಮುಂದಿನ ಸಲ ಅವಳು ಬರುತ್ತಿರಲಿಲ್ಲ ಎಂದು ನನಗನಿಸುತ್ತದೆ. ಕನ್ನಡ ಸಂಘ ಮಾಡಬೇಕಾದ ಕೆಲಸ ಯಾವುದು ಎಂದು ಆ ಬೆಂಚಿನ ಮೇಲೆ ಕೂತಾಗ ನನಗೆ ಹೊಳೆಯಿತು. ಲಸಿಕೆ ಸರಕಾರ ಕೊಡುತ್ತದೆ. ಕನ್ನಡ ನಾವು ಕೊಡಬೇಕು. ರಿಕ್ಷಾ ಬಾಡಿಗೆ ಮತ್ತು ತಪ್ಪಿದ ಆ ದಿನದ ಪಗಾರವನ್ನು ನಿಮ್ಮ ನಿಧಿ ಕೊಡಬೇಕು.

ಕ್ಯಾಂಪಿನಲ್ಲಿ ಮಾತಿಗಿಂತ ಕಣ್ಣಿಗೆ ಕಂಡದ್ದು ಹೆಚ್ಚು ನಾಟುತ್ತದೆ. ಮುಕಾದಮನ ಹೆಂಡತಿ ತನ್ನ ಮಗುವನ್ನು ಕರೆತಂದ ಮೇಲೆ ಉಳಿದವರು ಬಂದರು. ಇದು ಹಳೆಯ ರೀತಿಯೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಮೂವರು ಅರಸು ಸ್ತ್ರೀಯರ ಒಂದು ವರ್ಣಚಿತ್ರವಿದೆ, ಥಾಮಸ್ ಹಿಕ್ಕಿ ಬರೆದದ್ದು ಎನ್ನುತ್ತಾರೆ. ಅದರಲ್ಲಿ ಒಬ್ಬಾಕೆ ಸೀರೆಯ ಸೆರಗು ಸರಿಸಿ ತೋಳು ತೋರಿಸುವುದು 1805ರ ಸುಮಾರಿಗೆ ಬಂದ ಸಿಡುಬಿನ ದಾಕು ಹಾಕಿಸಿಕೊಂಡ ಜಾಗವನ್ನು ಜನರಿಗೆ ಕಾಣಿಸಲೆಂದೇ, ಆಕೆ ರಾಣಿ ದೇವಾಜಮ್ಮಣ್ಣಿ, ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ಅಭಿಪ್ರಾಯ.

ಮಗು ನಡೆಯಲು ಕಲಿತ ಮೇಲೆ ಕಾರ್ಡು ಕಪಾಟು ಸೇರುತ್ತದೆ. ಇದು ಬಡವರ ಮನೆಯ ಮಾತಷ್ಟೇ ಅಲ್ಲ, ನಮ್ಮ ಮನೆಗಳಲ್ಲೂ ಹಾಗೆಯೇ. 5–6 ವರ್ಷಕ್ಕೆ ಡಿಪಿಟಿಯ ಎರಡನೇ ಬೂಸ್ಟರ್, 10ಕ್ಕೆ ಮತ್ತು 16ಕ್ಕೆ ಟಿಡಿ, ಅಂದರೆ ಧನುರ್ವಾಯು ಮತ್ತು ಗಂಟಲುಮಾರಿ ಎರಡಕ್ಕೂ. ಮೊದಲಿದ್ದ ಟಿಟಿಯ ಜಾಗಕ್ಕೆ ಇದು ಬಂದಿದೆ. ಚಿಕ್ಕಂದಿನ ರಕ್ಷಣೆ ವಯಸ್ಸಾದಂತೆ ಸವೆಯುತ್ತದೆ, ಮತ್ತು ಗಂಟಲುಮಾರಿ ಉತ್ತರ ಕರ್ನಾಟಕದಿಂದ ಪೂರ್ತಿ ಹೋಗಿಲ್ಲ. ನಿಮ್ಮ ಹತ್ತನೇ ತರಗತಿಯ ಮಗನಿಗೆ ಹಾಕಿಸಿದ್ದೀರಾ? ನನ್ನ ಮೊಮ್ಮಗನಿಗೆ ಹಾಕಿಸಿರಲಿಲ್ಲ. ಹೆಣ್ಣುಮಕ್ಕಳಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯೂ ಇದೆ. ಸೀರಂನವರ ಸರ್ವಾವ್ಯಾಕ್‌ಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. 9ರಿಂದ 14ರ ವಯಸ್ಸು ಅದಕ್ಕೆ ಸರಿಯಾದ ಕಾಲ. ಹಣ ಕೊಡುವ ಮೊದಲು ಪಾಲಿಕೆಯ ದವಾಖಾನೆಯಲ್ಲಿ ಒಮ್ಮೆ ವಿಚಾರಿಸಿ. ಬಸುರಿಯರಿಗೆ ಟಿಡಿ ಪುಕ್ಕಟೆ: ಮೊದಲನೆಯದು ಬಸಿರು ತಿಳಿದ ಕೂಡಲೇ, ನಾಲ್ಕು ವಾರ ಬಿಟ್ಟು ಇನ್ನೊಂದು. ಹೆರಿಗೆಯಲ್ಲಿ ತಾಯಿಗೂ ಕೂಸಿಗೂ ಧನುರ್ವಾಯು ತಗಲುವುದು 2015ರ ಹೊತ್ತಿಗೆ ನಮ್ಮ ದೇಶದಲ್ಲಿ ಹತೋಟಿಗೆ ಬಂದದ್ದಕ್ಕೆ ಇದೂ ಒಂದು ಕಾರಣ.

ದೊಡ್ಡವರಿಗೆ ಪುಕ್ಕಟೆ ಇರುವುದು ಕಡಿಮೆ, ಆದರೆ ಇರುವುದು ಜೀವ ಉಳಿಸುವಂಥದ್ದು. ನಮ್ಮ ಸೊಸೈಟಿಯ ವಾಚಮನ್, ಇಂಡಿ ತಾಲ್ಲೂಕಿನವನು, ರಾತ್ರಿ ಪಾಳಿ ಮುಗಿಸಿ ಬರುವಾಗ ಬೀದಿನಾಯಿ ಕಚ್ಚಿತು. ಅರಿಶಿನ, ಸುಣ್ಣ ಹಚ್ಚಿ ಮೂರು ದಿನ ಸುಮ್ಮನಿದ್ದ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಬೇರೇನೂ ಹಚ್ಚಬಾರದು. ಹುಚ್ಚುನಾಯಿ ರೋಗದ ಲಕ್ಷಣ ಕಂಡಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ತಡವಾಗಿದ್ದರೂ ಲಸಿಕೆ ಶುರು ಮಾಡಲೇಬೇಕು. ಚರ್ಮದೊಳಗೆ ಹಾಕುವ ಪದ್ಧತಿಯಲ್ಲಿ 0, 3, 7, 28ನೇ ದಿನ. ರಕ್ತ ಬರುವಂತೆ ಕಚ್ಚಿದ್ದರೆ ಗಾಯದೊಳಕ್ಕೇ ಹಾಕುವ ಸೀರಮ್ ಕೂಡ ಬೇಕು. ಯೆರವಡಾದ ರಾಜೀವ್ ಗಾಂಧಿ ಆಸ್ಪತ್ರೆ, ಮಂಗಳವಾರ ಪೇಟೆಯ ಕಮಲಾ ನೆಹರು ಆಸ್ಪತ್ರೆ ಪಾಲಿಕೆಯವು, ಸಸೂನ್ ರಾಜ್ಯ ಸರಕಾರದ್ದು. ಇವನಿಗೆ ಮೊದಲ ಮೂರು ಡೋಸು ಆಯಿತು. 28ನೇ ದಿನಕ್ಕೆ ರಜೆ ಕೊಡಿಸಲು ನಾನೇ ಗುತ್ತಿಗೆದಾರನ ಹತ್ತಿರ ಮಾತಾಡಬೇಕಾಯಿತು.

ಅಪಾಯವಿರುವ ಕಡೆ ದೊಡ್ಡವರಿಗೂ ಸರಕಾರ ಲಸಿಕೆ ಹಾಕಿದ್ದುಂಟು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತಾಗ ಆ ಕಾಯಿಲೆಯ ವೈರಸ್ಸನ್ನು ಗುರುತಿಸಿದ್ದು ನಮ್ಮ ಇದೇ ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಇಂದಿನ ಎನ್‌ಐವಿ. ಮಲೆನಾಡಿನವರಿಗೆ ಅದರ ಲಸಿಕೆಯನ್ನು ವರ್ಷಗಟ್ಟಲೆ ಪುಕ್ಕಟೆ ಹಾಕಿದರು. ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಿದರು.

ಇನ್ನು ಹಿರಿಯರು. ಫ್ಲೂ, ನ್ಯುಮೋನಿಯಾ, ಸರ್ಪಸುತ್ತು, ಇವುಗಳ ಲಸಿಕೆ ವಯಸ್ಸಾದವರಿಗೆ ರಾಷ್ಟ್ರೀಯ ಪುಕ್ಕಟೆ ಪಟ್ಟಿಯಲ್ಲಿಲ್ಲ. ಫ್ಲೂ ಲಸಿಕೆ ಪ್ರತಿ ವರ್ಷ ಬೇಕು, ನ್ಯುಮೋನಿಯಾದ್ದು ಸಾವಿರಗಟ್ಟಲೆ, ಸರ್ಪಸುತ್ತಿನದು ಇನ್ನೂ ದುಬಾರಿ. ಮಧುಮೇಹ, ದಮ್ಮು, ಹೃದಯದ ತೊಂದರೆ ಇದ್ದು ಕೈಯಲ್ಲಿ ಹಣವಿಲ್ಲದ ಹಿರಿಯರು ನಮ್ಮ ನಡುವೆಯೇ ಇದ್ದಾರೆ. ಮನೆಗೆಲಸಕ್ಕೆ ಹೋಗುವ ಅರವತ್ತೈದರ ಅಜ್ಜಿಯರಿದ್ದಾರೆ. ಅವರ ಒಂದು ನ್ಯುಮೋನಿಯಾ ಆಸ್ಪತ್ರೆ ಬಿಲ್ಲಿಗೆ ನಾವು ಕೊಡುವ ಹಣದಲ್ಲಿ ಎಷ್ಟೋ ಜನರಿಗೆ ಲಸಿಕೆ ಹಾಕಿಸಬಹುದು.

ಆದ್ದರಿಂದ ಸಮಿತಿ ಹೀಗೆ ತೀರ್ಮಾನಿಸಿದೆ. ಪುಕ್ಕಟೆ ಸಿಗುವ ಮಕ್ಕಳ ಲಸಿಕೆಗೆ ಖಾಸಗಿ ಬಿಲ್ಲು ಇನ್ನು ಪಾಸಾಗುವುದಿಲ್ಲ, ನನ್ನ ಸಹಿ ಇದ್ದರೂ ಸರಿ. ನಿಧಿಯ ಹಣ ಎರಡು ಕಡೆ ಹೋಗುತ್ತದೆ: ಲಸಿಕೆಯ ದಿನ ಕ್ಯಾಂಪಿನ ತಾಯಂದಿರ ರಿಕ್ಷಾ ಮತ್ತು ಪಗಾರಕ್ಕೆ, ಹಾಗೂ ವೈದ್ಯರ ಚೀಟಿ ಇರುವ ಬಡ ಹಿರಿಯರ ನ್ಯುಮೋನಿಯಾ, ಫ್ಲೂ ಲಸಿಕೆಗೆ. ಹಣ ಕೊಡುವವರು ರಸೀದಿಯ ಮೇಲೆ ಇವೆರಡರಲ್ಲಿ ಯಾವುದಕ್ಕೆ ಎಂದು ಬರೆಸಬಹುದು. ಹಣಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಲಸಿಕೆಯ ದಿನ ಬೆಳಿಗ್ಗೆ ಎರಡು ಗಂಟೆ ದವಾಖಾನೆಯ ಬೆಂಚಿನ ಮೇಲೆ ಕೂರಬಲ್ಲ, ಕನ್ನಡ–ಮರಾಠಿ ಎರಡೂ ಬಲ್ಲ ನಾಲ್ಕು ಜನ. ನಿವೃತ್ತರಾದ ತಾಯಂದಿರು ಬಂದರೆ ಬಹಳ ಒಳ್ಳೆಯದು, ನನ್ನಂಥ ಗಂಡಸಿನ ಎದುರು ಅವರು ಕೇಳಲಾರದ್ದನ್ನು ನಿಮ್ಮಲ್ಲಿ ಕೇಳುತ್ತಾರೆ.

ಶಹಾಪುರದ ಆ ಕೂಸಿಗೆ ಹದಿನಾರನೇ ತಿಂಗಳಿನ ಲಸಿಕೆ ಬರುವ ಹೊತ್ತಿಗೆ ಅವರು ಊರಲ್ಲಿರುತ್ತಾರೋ ಇಲ್ಲೋ, ಮುಕಾದಮನಿಗೂ ಗೊತ್ತಿಲ್ಲ. ಕಾರ್ಡಿನ ಫೋಟೊ ನನ್ನ ಫೋನಿನಲ್ಲಿದೆ, ನಾದಿನಿಯ ನಂಬರೂ ಇದೆ.

ವೈದ್ಯಕೀಯ ನೆರವು ಸಮಿತಿಯ ಪರವಾಗಿ,
ವಿಮಾನ ನಗರ, ಪುಣೆ