ಕುಪ್ಪಳಿಸುವ ಕಾರಿನ ನಾಡಿ ಹಿಡಿಯುವುದು

ಹೈವೇಯಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓಡುವ ಸ್ಪೋರ್ಟ್ಸ್ ಕಾರು ಟ್ರಾಫಿಕ್ಕಿಗೆ ಸಿಕ್ಕಿದ ಕೂಡಲೇ ಕುಪ್ಪಳಿಸಲು ಶುರು ಮಾಡುತ್ತದೆ. ಒಂದನೇ ಗೇರು, ಕಾಲು ಆಕ್ಸಿಲರೇಟರ್ ಮೇಲೆ ಇದ್ದೂ ಇಲ್ಲದ ಹಾಗೆ. ಪಕ್ಕದಲ್ಲಿ ಕೂತವರ ತಲೆ ಎಲ್ಲ ಮಾತಿಗೂ ಹೂಂ ಹೂಂ ಎಂದು ಒಪ್ಪಿಗೆ ಕೊಡುತ್ತಲೇ ಇರುತ್ತದೆ. ಗ್ಯಾರೇಜಿಗೆ ಹೋದರೆ ‘ಮಿಸ್ಸಿಂಗ್ ಇದೆ ಸಾರ್’ ಎಂಬ ಉತ್ತರ ಸಿದ್ಧ. ಪ್ಲಗ್ ಬದಲಾಯಿತು, ಕಾಯಿಲ್ ಬದಲಾಯಿತು, ಫ್ಯೂಯಲ್ ಪಂಪೂ ಬದಲಾಯಿತು. ಜಗ್ಗಾಟ ಮಾತ್ರ ಹಾಗೇ ಉಳಿಯಿತು.

ಒಂದು ಸ್ಪ್ಯಾನರನ್ನೂ ಎತ್ತುವ ಮೊದಲು ತಿಳಿಯಬೇಕಾದದ್ದು ಇಷ್ಟೇ: ಎಂಜಿನ್ ತಾನೇ ತಡವರಿಸುತ್ತಿದೆಯೋ, ಅಥವಾ ಎಂಜಿನ್ನಿನ ಸಣ್ಣ ಏರಿಳಿತವನ್ನು ಉಳಿದ ಗಾಡಿ ದೊಡ್ಡದು ಮಾಡಿ ತೋರಿಸುತ್ತಿದೆಯೋ? ಖಾಲಿ ರಸ್ತೆಯಲ್ಲಿ ಕಾರು ಜಗ್ಗುತ್ತಿರುವಾಗಲೇ ಕ್ಲಚ್ ಪೂರ್ತಿ ಒತ್ತಿ, ಆಕ್ಸಿಲರೇಟರನ್ನು 1500 ಆರ್‌ಪಿಎಂ ಸುಮಾರಿಗೆ ಅಲುಗಿಸದೆ ಹಿಡಿಯಿರಿ. ಆರ್‌ಪಿಎಂ ಮುಳ್ಳು ಆಗಲೂ ಮೇಲೆ ಕೆಳಗೆ ಆಡುತ್ತಿದ್ದರೆ ಗಾಳಿ, ಪೆಟ್ರೋಲ್, ಕಿಡಿಯ ಕಡೆ ನೋಡಬೇಕು. ಮುಳ್ಳು ನಿಂತಿತು, ಕಾರೂ ಶಾಂತವಾಯಿತು ಎಂದರೆ ಅನುಮಾನ ಮೌಂಟಿಂಗ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಕಡೆಗೆ ವಾಲುತ್ತದೆ. ಎಂಜಿನ್ ನಿರ್ದೋಷಿ ಎಂದು ಇಷ್ಟಕ್ಕೇ ತೀರ್ಪು ಕೊಡಬೇಡಿ, ಭಾರ ಹೊತ್ತಾಗ ಮಾತ್ರ ಕಾಣಿಸುವ ರೋಗಗಳೂ ಉಂಟು. ಹಾಫ್ ಕ್ಲಚ್‌ನಲ್ಲಿ ಮಾತ್ರ ಗಡಗಡ ನಡುಗಿ, ಕ್ಲಚ್ ಪೂರ್ತಿ ಬಿಟ್ಟ ಮೇಲೆ ಸರಿಯಾಗುತ್ತಿದ್ದರೆ ಮೊದಲು ಕ್ಲಚ್ ಪ್ಲೇಟನ್ನೇ ಅನುಮಾನಿಸಿ. ಅದಕ್ಕೆ ಎಣ್ಣೆ ಹಿಡಿದಿರಬಹುದು.

ಮಾಮೂಲಿ ಕಾರಿಗಿಂತ ಸ್ಪೋರ್ಟ್ಸ್ ಕಾರಿಗೆ ಈ ಕಾಟ ಏಕೆ ಹೆಚ್ಚು? ಮಜ್ದಾ ಎಂಎಕ್ಸ್-5 ನೋಡಿ. 1989ರ ಫೆಬ್ರುವರಿಯಲ್ಲಿ ಷಿಕಾಗೋ ಆಟೋ ಶೋದಲ್ಲಿ ಮೊದಲು ಕಾಣಿಸಿಕೊಂಡ, ಟನ್‌ಗಿಂತ ಕಡಿಮೆ ತೂಕದ ಎರಡು ಸೀಟಿನ ಗಾಡಿ. ಅದರ ಗೇರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲನ್ನೂ ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟೊಂದು ಬಿಗಿಯಾಗಿ ಬೆಸೆದಿದೆ. ಪೆಡಲ್ ಒತ್ತಿದ ಮರುಕ್ಷಣ ಕಾರು ನೆಗೆಯಲಿ ಎಂದೇ ಮಾಡಿದ ಏರ್ಪಾಡು ಅದು. ಮಾಮೂಲಿ ಕಾರಿನಲ್ಲಿ ಮೆತ್ತನೆಯ ರಬ್ಬರು ನುಂಗಿಬಿಡುವ ಧಕ್ಕೆ ಇಲ್ಲಿ ಸೀದಾ ಸೀಟಿಗೆ ಬರುತ್ತದೆ.

ಸ್ವಲ್ಪ ಲೆಕ್ಕ ಹಾಕೋಣ. ಮೊದಲ 1.6 ಲೀಟರ್ ಕಾರಿನ ಒಂದನೇ ಗೇರಿನ ಅನುಪಾತ 3.136, ಡಿಫರೆನ್ಷಿಯಲ್‌ನದು 4.3. ಟೈರು 185/60 ಆರ್14, ಅಂದರೆ ಸುತ್ತಳತೆ 1.81 ಮೀಟರ್. 850 ಆರ್‌ಪಿಎಂ ಐಡ್ಲಿಂಗ್‌ನಲ್ಲಿ ಗಾಡಿ ಗಂಟೆಗೆ ಸುಮಾರು 7 ಕಿಲೋಮೀಟರ್ ತೆವಳುತ್ತದೆ. 1500ಕ್ಕೆ 12. ಅನೇಕ ಕಾರುಗಳಲ್ಲಿ ಕಾಲೆತ್ತಿದಾಗ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಮುಚ್ಚುವುದೂ ಮತ್ತೆ ತೆರೆಯುವುದೂ ಇದೇ 1500ರ ಆಸುಪಾಸಿನಲ್ಲಿ. ಟ್ರಾಫಿಕ್ಕಿನ ವೇಗವೂ ಅದೇ. ಕಾಲೆತ್ತಿದರೆ ಪೆಟ್ರೋಲ್ ಬಂದ್, ಎಂಜಿನ್ ಹಿಂದಕ್ಕೆ ಎಳೆಯುತ್ತದೆ. ಆರ್‌ಪಿಎಂ ಇಳಿದರೆ ಪೆಟ್ರೋಲ್ ವಾಪಸ್, ಮುಂದಕ್ಕೆ ನೂಕುತ್ತದೆ. ಇಷ್ಟು ರೋಗವಲ್ಲ, ಸ್ವಭಾವ.

ರೋಗವಾಗುವುದು ಕಾಲು ಎತ್ತಿದ್ದೀರೋ ಇಲ್ಲವೋ ಎಂಬುದೇ ಇಸಿಯುಗೆ ಸರಿಯಾಗಿ ತಿಳಿಯದಿದ್ದಾಗ. ಆ 1.6 ಲೀಟರ್ ಮ್ಯಾನ್ಯುಯಲ್ ಕಾರಿನ ಥ್ರಾಟಲ್ (ಗಾಳಿಯ ಬಾಗಿಲು) ಸೆನ್ಸರ್ ಎನ್ನುವುದು ನಿಜವಾಗಿ ಬರೀ ಸ್ವಿಚ್ಚು. ಪೂರ್ತಿ ಮುಚ್ಚಿದೆ ಅಥವಾ ಪೂರ್ತಿ ತೆರೆದಿದೆ, ಇವೆರಡನ್ನು ಬಿಟ್ಟು ಅದಕ್ಕೆ ಬೇರೆ ಮಾತು ಬಾರದು. ಸ್ವಿಚ್ಚು ಸ್ವಲ್ಪ ಸರಿದಿದ್ದರೆ ನೀವು ಪೆಡಲನ್ನು ಮೆಲ್ಲಗೆ ಒತ್ತಿದ್ದರೂ ‘ಮುಚ್ಚಿದೆ’ ಎಂದೇ ಸುದ್ದಿ ಹೋಗುತ್ತದೆ. ಆರ್‌ಪಿಎಂ ಮೇಲಿದೆ, ಥ್ರಾಟಲ್ ಮುಚ್ಚಿದೆ, ಹಾಗಾದರೆ ಪೆಟ್ರೋಲ್ ನಿಲ್ಲಿಸು ಎನ್ನುತ್ತದೆ ಇಸಿಯು. ಆರ್‌ಪಿಎಂ ಇಳಿಯುತ್ತದೆ, ಪೆಟ್ರೋಲ್ ಬರುತ್ತದೆ, ಮತ್ತೆ ಏರುತ್ತದೆ, ಮತ್ತೆ ನಿಲ್ಲುತ್ತದೆ. ಕಾಲು ಕಲ್ಲಿನಂತೆ ನಿಂತಿದ್ದರೂ ಕಾರು ತಾಳಬದ್ಧವಾಗಿ ಜೋಕಾಲಿ ಆಡುತ್ತದೆ. ಪರೀಕ್ಷೆಗೆ ಮಲ್ಟಿಮೀಟರ್ ಮತ್ತು ಎರಡು ಫೀಲರ್ ಗೇಜ್ ಸಾಕು. ಥ್ರಾಟಲ್ ಲಿವರಿಗೂ ಅದು ತಾಗುವ ಸ್ಕ್ರೂಗೂ ನಡುವೆ ತೆಳ್ಳನೆಯದನ್ನು ತೂರಿಸಿದರೆ ಸ್ವಿಚ್ಚು ಮುಚ್ಚಿಯೇ ಇರಬೇಕು, ದಪ್ಪದ್ದಕ್ಕೆ ತೆರೆಯಬೇಕು. ಎರಡರ ದಪ್ಪ ಎಷ್ಟೆಂದು ವರ್ಕ್‌ಶಾಪ್ ಮ್ಯಾನ್ಯುಯಲ್‌ನಲ್ಲಿದೆ. ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸದ ಈ ಕೆಲಸಕ್ಕೆ ಖರ್ಚೇನೂ ಇಲ್ಲ. ಬಿಲ್ ಆಗುವುದಿಲ್ಲವಾದ್ದರಿಂದಲೋ ಏನೋ, ಇದನ್ನು ನೋಡುವವರೂ ಕಡಿಮೆ.

ಸ್ವಿಚ್ಚು ಸರಿಯಿದ್ದರೆ ಟಾರ್ಚ್ ಹಿಡಿದು ಗಾಳಿಯ ದಾರಿ ನೋಡಿ. ಏರ್ ಫ್ಲೋ ಮೀಟರಿಂದ ಥ್ರಾಟಲ್‌ವರೆಗಿನ ಪೈಪಿನಲ್ಲಿ ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾದ ರಬ್ಬರು ಇರುತ್ತದೆ. ವಯಸ್ಸಾದರೆ ಆ ಮಡಿಕೆಯ ತಳದಲ್ಲಿ ಸೀಳು ಬಿಡುತ್ತದೆ. ಮೇಲಿಂದ ನೋಡಿದರೆ ಕಾಣದು. ಕೈಯಿಂದ ಬಗ್ಗಿಸಿ, ಮಡಿಕೆ ಬಿಡಿಸಿ ನೋಡಬೇಕು. ನಿಂತ ಕಾರಿನಲ್ಲಿ ಆ ಸೀಳು ಮುಚ್ಚಿಕೊಂಡಿರುತ್ತದೆ. ಗಾಡಿ ಎಳೆಯಲು ಶುರು ಮಾಡಿದಾಗ ಎಂಜಿನ್ ಮೌಂಟಿಂಗ್ ಮೇಲೆ ಪಕ್ಕಕ್ಕೆ ವಾಲಿ, ಪೈಪು ಜಗ್ಗಿ, ಬಾಯಿ ತೆರೆಯುತ್ತದೆ. ಮೀಟರಿಗೆ ಲೆಕ್ಕ ಸಿಗದ ಗಾಳಿ ಒಳಗೆ ನುಗ್ಗಿದರೆ ಎಂಜಿನ್ ತಡವರಿಸದೆ ಏನು ಮಾಡೀತು? ಗ್ಯಾರೇಜಿನಲ್ಲಿ ಸಾಧುವಾಗಿದ್ದ ಕಾರು ರಸ್ತೆಯಲ್ಲಿ ಚೇಷ್ಟೆ ಮಾಡುವುದಕ್ಕೆ ಹೀಗೂ ಕಾರಣವಿರುತ್ತದೆ. ಅಮೆರಿಕದಲ್ಲಿ ಮಾರಾಟವಾದ 1996ರಿಂದೀಚಿನ ಕಾರುಗಳಿಗೆ ಸ್ಕ್ಯಾನರ್ ಜೋಡಿಸಬಹುದು. ಐಡ್ಲಿಂಗ್‌ನಲ್ಲಿ ಫ್ಯೂಯಲ್ ಟ್ರಿಮ್ (ಇಸಿಯು ಮಾಡಿಕೊಳ್ಳುವ ಪೆಟ್ರೋಲ್ ತಿದ್ದುಪಡಿ) ಏರಿದ್ದು, ರೇಸ್ ಕೊಟ್ಟಾಗ ಇಳಿದರೆ ಗಾಳಿ ಸೋರಿಕೆ ಎಂದೇ ಹುಡುಕಾಟ ಶುರು ಮಾಡಿ.

ಥ್ರಾಟಲ್ ತಟ್ಟೆಯ ಅಂಚಿಗೆ ಕರಿ ಕಟ್ಟಿದ್ದರೆ ಅದು ಮೊದಲು ಅಂಟಿಕೊಂಡು ಆಮೇಲೆ ಫಟ್ಟನೆ ಬಿಡುತ್ತದೆ, ನೀವು ಕೇಳಿದ್ದಕ್ಕಿಂತ ಹೆಚ್ಚು ತೆರೆದು ಕಾರು ಮುಗ್ಗರಿಸುತ್ತದೆ. ಕ್ಲೀನರ್ ಸ್ಪ್ರೇ, ಬಟ್ಟೆ, ಹತ್ತು ನಿಮಿಷ ಸಾಕು. ಕೇಬಲ್ ಇಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಕೀ ಆನ್ ಇರುವಾಗ ಬೆರಳು ಹಾಕಬೇಡಿ, ತಟ್ಟೆ ಬೆರಳನ್ನೇ ಕಚ್ಚೀತು.

ಇನ್ನು ಪ್ಲೇ, ಅಂದರೆ ಗೇರು, ಜಾಯಿಂಟುಗಳ ನಡುವಿನ ಸಡಿಲ ಆಟ. ಮುಂದಿನ ಚಕ್ರಗಳಿಗೆ ಅಡೆ ಇಟ್ಟು, ಹಿಂಭಾಗವನ್ನು ಜ್ಯಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು, ನ್ಯೂಟ್ರಲ್‌ನಲ್ಲಿ ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಆಚೀಚೆ ತಿರುಗಿಸಿ. ತುಸು ಆಟ ಎಲ್ಲ ಗಾಡಿಗೂ ಇರುತ್ತದೆ. ‘ಟಕ್’ ಎಂದು ಲೋಹದ ಪೆಟ್ಟು ಯಾವ ಜಾಯಿಂಟಿನಿಂದ ಬಂತು ಎಂಬುದನ್ನು ಕೇಳಿಸಿಕೊಳ್ಳಬೇಕು. ಡಿಫರೆನ್ಷಿಯಲ್ ಬುಶ್‌ಗಳನ್ನೂ ಕುಸಿದ ಎಂಜಿನ್ ಮೌಂಟಿಂಗನ್ನೂ ಇದೇ ಹೊತ್ತಿನಲ್ಲಿ ನೋಡಿ. ಹಳೆಯ ಬುಶ್ ತೆಗೆದು ರೇಸಿಂಗ್‌ನವರ ಗಟ್ಟಿ ಪಾಲಿಯುರೆಥೇನ್ ಹಾಕಿಸಿ ಎಂದು ಹೇಳುವವರಿದ್ದಾರೆ. ಟ್ರಾಫಿಕ್ಕಿನಲ್ಲಿ ಓಡಿಸುವವರಿಗೆ ನಾನಂತೂ ಅದನ್ನು ಹೇಳಲಾರೆ.

ಕೊನೆಗೆ ಚಾಲಕನ ಕಾಲನ್ನೂ ಪರೀಕ್ಷಿಸಬೇಕು. ಕಾರು ಜಗ್ಗಿದಾಗ ಮೈ ಹಿಂದಕ್ಕೆ ಹೋಗುತ್ತದೆ, ಪಾದ ಪೆಡಲಿಂದ ಸಡಿಲುತ್ತದೆ. ಮೈ ಮುಂದಕ್ಕೆ ಬಂದಾಗ ಪಾದ ಮತ್ತೆ ಒತ್ತುತ್ತದೆ. ಹೀಗೆ ಒಂದು ಜಗ್ಗು ಹತ್ತಾಗುತ್ತದೆ. ಹಿಮ್ಮಡಿಯನ್ನು ನೆಲಕ್ಕೆ ಊರಿ, ಪಾದದ ಪಕ್ಕವನ್ನು ಪೆಡಲ್ ಬದಿಯ ಒಳಗೋಡೆಗೆ ಒರಗಿಸಿ ಓಡಿಸಿ ನೋಡಿ. ಅದೇ ಕಾರಿನ ಎರಡನೇ ಗೇರಿನಲ್ಲಿ 1500 ಆರ್‌ಪಿಎಂಗೆ ವೇಗ 20 ಕಿಲೋಮೀಟರ್. ಮುಂದಿನ ಗಾಡಿ ಅಷ್ಟು ಜಾಗ ಬಿಟ್ಟರೆ ಒಂದನೇ ಗೇರಿನಲ್ಲಿ ಒದ್ದಾಡದೆ ಎರಡಕ್ಕೆ ಹಾಕಿ.