ನಮ್ಮ ಕಚೇರಿಯ ಇಂಗ್ಲೀಷು

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಹಿಂದಿ, ಕಚೇರಿಯಲ್ಲಿ ಇಂಗ್ಲೀಷು. ಹೊರನಾಡಿನಲ್ಲಿ ಗುಮಾಸ್ತಿಕೆ ಮಾಡುವ ನಮ್ಮಂಥವರ ದಿನಚರಿಯೇ ಇದು. ಬಿ.ಎ. ಪಾಸಾದ ಧೈರ್ಯದ ಮೇಲೆ ಇಷ್ಟು ವರ್ಷ ಇಂಗ್ಲೀಷು ಬರೆದೆವು. ಅದರಲ್ಲಿ ಅರ್ಧ, ಇಂಗ್ಲೀಷಿನ ಅಂಗಿ ತೊಟ್ಟ ಕನ್ನಡವೆಂದು ತಿಳಿದದ್ದು ತಡವಾಗಿ.

'ಡಿಸ್ಕಸ್ ಅಬೌಟ್' ಎಂಬುದನ್ನೇ ನೋಡಿ. ನಮ್ಮಲ್ಲಿ ಒಂದು ವಿಷಯದ 'ಬಗ್ಗೆ' ಚರ್ಚಿಸುವುದುಂಟು. ಆ 'ಬಗ್ಗೆ'ಯನ್ನೇ ಅಬೌಟ್ ಮಾಡಿ ಕೂರಿಸಿದೆವು. ಇಂಗ್ಲೀಷಿನ ಡಿಸ್ಕಸ್ಸಿಗೆ ಅದು ಬೇಡ; ಅದು ಕರ್ಮಪದವನ್ನು ನೇರವಾಗಿ ಹಿಡಿಯುತ್ತದೆ. 'ಇವತ್ತು ಬೆಳಿಗ್ಗೆ' ಎಂಬುದು 'ಟುಡೇ ಮಾರ್ನಿಂಗ್' ಆಯಿತು. ಅವರು 'ದಿಸ್ ಮಾರ್ನಿಂಗ್' ಎನ್ನುತ್ತಾರೆ. 'ರಿಟರ್ನ್ ಬ್ಯಾಕ್' ಎಂದರೆ ಹಿಂದಕ್ಕೆ ಹಿಂದಿರುಗಿದಂತೆ. 'ಕಸಿನ್ ಬ್ರದರ್' ಅನ್ನು ಮಾತ್ರ ನಾವು ಬಿಟ್ಟುಕೊಡೆವು. ಬರಿಯ ಕಸಿನ್ ಎಂದರೆ ಗಂಡೋ ಹೆಣ್ಣೋ ತಿಳಿಯದು. ಚಿಕ್ಕಪ್ಪನ ಮಗನನ್ನು ಅಣ್ಣನೆಂದೇ ಕರೆದು ಬೆಳೆದವರು ಇನ್ನೇನು ಹೇಳಬೇಕು?

ಇವುಗಳಿಂದ ಯಾರಿಗೂ ನಷ್ಟವಿಲ್ಲ. ನಷ್ಟ ಮಾಡಿದ್ದು ವ್ಯಾಕರಣದ ತಪ್ಪೇ ಇಲ್ಲದ ಒಂದು ಮಾತು: 'ಡೂ ದಿ ನೀಡ್‌ಫುಲ್.'

ಒಮ್ಮೆ ಒಬ್ಬ ವಿಧವೆಯ ಕುಟುಂಬ ಪಿಂಚಣಿಯ ಅರ್ಜಿ ನಮ್ಮ ಮೇಜಿಗೆ ಬಂತು. ಗಂಡನ ಮರಣಪತ್ರದ ನಕಲು ಅದರೊಡನೆ ಇರಲಿಲ್ಲ. 'ಅರ್ಜಿಯನ್ನು ಹಿಂದಿರುಗಿಸಿದೆ, ಕೈಂಡ್ಲಿ ಡೂ ದಿ ನೀಡ್‌ಫುಲ್' ಎಂದು ಬರೆದು ಕಳಿಸಿದೆವು. ಬರೆದವರು ಬೇರೆ ಯಾರೂ ಅಲ್ಲ, ನಾವೇ. ಆಕೆ ಪಾಪ, ಪುಟಪುಟವನ್ನೂ ದುಂಡಗೆ ಹೊಸದಾಗಿ ತುಂಬಿ ಕಳಿಸಿದರು. ಮರಣಪತ್ರ ಆಗಲೂ ಇಲ್ಲ. ಕಾಗದ ಮತ್ತೆ ಹಿಂದಕ್ಕೆ ಹೋಯಿತು. ಹೀಗೆ ಮೂರು ತಿಂಗಳು. ಕೊನೆಗೆ ಮಗಳನ್ನು ಕರೆದುಕೊಂಡು ಕಚೇರಿಗೇ ಬಂದರು. ಏನು ಬೇಕೆಂದು ಬರೆಯಬಾರದಿತ್ತೆ ಎಂದು ಮೆಲ್ಲಗೆ ಕೇಳಿದರು. ನಾವು ತಲೆಯೆತ್ತಲಿಲ್ಲ.

ಈ ರೋಗ ನಮಗೆ ಮಾತ್ರವಲ್ಲ ಎನ್ನುವುದೊಂದು ಸಮಾಧಾನ. ಇಂಗ್ಲೀಷು ಹುಟ್ಟಿದ ನಾಡಿನಲ್ಲೇ ಸರ್ಕಾರಿ ಕಾಗದ ಜನಕ್ಕೆ ಅರ್ಥವಾಗದೆ, ಅಲ್ಲಿಯ ಖಜಾನೆ ಇಲಾಖೆಯ ಕೋರಿಕೆಯಂತೆ ಸರ್ ಅರ್ನೆಸ್ಟ್ ಗೋವರ್ಸ್ 1948ರಲ್ಲಿ 'ಪ್ಲೇನ್ ವರ್ಡ್ಸ್' ಎಂಬ ಪುಸ್ತಕ ಬರೆದರು. ಓದುವವನಿಗೆ ಏನು ಬೇಕೋ ಅದನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಬರೆಯಿರಿ ಎಂಬುದು ಅದರ ತಿರುಳು.

ಈಗ ನಾವು 'ಮರಣಪತ್ರದ ನಕಲು ಒಂದು ಕಳಿಸಿರಿ' ಎಂದೇ ಕರಡು ಮಾಡುತ್ತೇವೆ. ಮೇಲಧಿಕಾರಿಗಳು ಓದಿ, ಏನೋ ಕೊರತೆಯೆನಿಸಿ, ಕೊನೆಯಲ್ಲಿ 'ಅಂಡ್ ಡೂ ದಿ ನೀಡ್‌ಫುಲ್' ಎಂದು ಸೇರಿಸುತ್ತಾರೆ. ಸೇರಿಸಲಿ, ಮರಣಪತ್ರದ ಮಾತನ್ನು ಅವರು ಹೊಡೆದುಹಾಕದಿದ್ದರೆ ಸಾಕು.