ಆರೋಗ್ಯಮಾತೆಯ ಸನ್ನಿಧಿಯಲ್ಲಿ

ಹರಿಹರದ ಹೆಸರೇ ಒಂದು ಸಮನ್ವಯ. ಹೊಯ್ಸಳರ ದಂಡನಾಥ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದ ದೇಗುಲದಲ್ಲಿ ಹರಿಯೂ ಹರನೂ ಒಂದೇ ವಿಗ್ರಹವಾಗಿ ನಿಂತಿದ್ದಾರೆ. 2019ರಲ್ಲಿ ಬೆಸಿಲಿಕಾ ಪದವಿಗೇರಿದ ಇಲ್ಲಿಯ ಆರೋಗ್ಯಮಾತೆಯ ದೇವಾಲಯಕ್ಕೆ, ಸೆಪ್ಟೆಂಬರ್ 8ರ ಉತ್ಸವಕ್ಕೆ, ಕ್ರೈಸ್ತರಲ್ಲದವರೂ ಹರಕೆ ಹೊತ್ತು ಬರುತ್ತಾರೆ.

ನೆರೆಯ ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜಿದೆ, ಆಸ್ಪತ್ರೆಗಳಿಗೇನೂ ಕೊರತೆಯಿಲ್ಲ. ಆದರೂ ಔಷಧದ ಚೀಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡೇ ತಾಯಿಯೊಬ್ಬಳು ಇಲ್ಲಿ ಮೇಣದಬತ್ತಿ ಹಚ್ಚುವುದೇಕೆ? ವೈದ್ಯನಲ್ಲಿ ಅಪನಂಬಿಕೆಯೇ, ದೇವರಲ್ಲಿ ಅರೆನಂಬಿಕೆಯೇ?

ಮಾರ್ಕನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿ, ರೋಗಿಯಾದ ಮಗನನ್ನು ಯೇಸುವಿನ ಬಳಿಗೆ ಕರೆತಂದ ತಂದೆಯೊಬ್ಬನಿದ್ದಾನೆ. ನಂಬಿಕೆಯುಂಟೆಂದು ಹೇಳಿದ ಬಾಯಲ್ಲೇ ಅವನು ನಂಬಿಕೆ ಸಾಲದೆಂದೂ ಮೊರೆಯಿಟ್ಟ. ಪಂಡಿತರಾದರೆ ತರ್ಕದೋಷ ಹಿಡಿಯುತ್ತಿದ್ದರು! ಯೇಸು ಹುಡುಗನ ಕೈಹಿಡಿದು ಎಬ್ಬಿಸಿದ.

ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರಲ್ಲೇ ಬಳ್ಳಾರಿಯಲ್ಲಿ ಇಡೀ ಬೈಬಲು ಕನ್ನಡಕ್ಕಿಳಿದಿತ್ತು. ಕಥೋಲಿಕರ ಬಲಿಪೂಜೆ ಮಾತ್ರ 1962-65ರ ವ್ಯಾಟಿಕನ್ ಮಹಾಸಭೆಯ ಕಾಲದವರೆಗೆ ಲ್ಯಾಟಿನ್ನಿನಲ್ಲೇ ನಡೆಯಿತು. ಇಂದು ಆ ತಂದೆಯ ಮೊರೆ ಕಡೆಯ ಸಾಲಿನ ತಾಯಿಗೂ ಕನ್ನಡದಲ್ಲೇ ಕೇಳಿಸುತ್ತದೆ. ಆಕೆ ಕಣ್ಣೊರೆಸಿಕೊಂಡು ದಾವಣಗೆರೆಯ ಬಸ್ಸು ಹತ್ತುತ್ತಾಳೆ. ಮಗುವಿಗೆ ಗುಳಿಗೆ ಕೊಡುವ ಹೊತ್ತಾಗಿದೆ.